ಸಂದರ್ಶಕರ ಸಾಲಿನ ಅಜ್ಜಿ

ನಮ್ಮ ವಿಶ್ವವಿದ್ಯಾಲಯದ ಕ್ಯಾಂಟೀನಿನ ಬಾಗಿಲಲ್ಲಿ ಮೂರು ಸಾಲುಗಳಿವೆ. ಒಂದು ವಿದ್ಯಾರ್ಥಿಗಳದು, ಇನ್ನೊಂದು ನೌಕರರದು, ಮತ್ತೊಂದು ಸಂದರ್ಶಕರದು. ಪಿಎಚ್.ಡಿ. ಮುಗಿಸಿ, ಕೆಲಸ ಮಾತ್ರ ಸಿಗದೆ, ಫೆಲೋಶಿಪ್ಪಿನ ಮೇಲೆ ಯಾರದೋ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿಕೊಂಡಿರುವ ಪೋಸ್ಟ್‌ಡಾಕ್ ಎಂಬ ಜೀವಿ ಇದರಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಇಂದಿಗೂ ಯಾರೂ ತೀರ್ಮಾನಿಸಿಲ್ಲ. ಜುಸಾರಾ ಮೊದಲ ದಿನ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತಳು. ಕಾರ್ಡು ಹಿಡಿದರೆ ಗೇಟು ಕೆಂಪು ದೀಪ ತೋರಿಸಿತು. ನೌಕರರ ಸಾಲಿಗೆ ಹೋದಳು, ಅಲ್ಲೂ ಕೆಂಪು. ಗೇಟಿನ ಪಕ್ಕ ಕೂತಿದ್ದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀವು ಇಲ್ಲಿ ಏನಾಗಿದೀರಿ, ಅದನ್ನ ಮೊದಲು ಹೇಳಿ" ಅಂದಳು.

ಕಾಫಿ ಗಿಡದ ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲ ಜುಸಾರಾಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಅವಳನ್ನು ಸಂದರ್ಶಕರ ಸಾಲಿಗೆ ಕಳಿಸಿದರು. ಅಂದಿನಿಂದ ನಾಲ್ಕು ವರ್ಷ ಅವಳು ಪ್ರತಿದಿನ ಅದೇ ಕ್ಯಾಂಟೀನನ್ನು ಸಂದರ್ಶಿಸುತ್ತ ಬಂದಿದ್ದಳು.

ಆ ಸಾಲಿನ ಒಂದು ಪ್ರಯೋಜನವೆಂದರೆ, ದಿನವೂ ಅದರಲ್ಲಿ ಕಾಣುವವರು ತನ್ನಂಥವರೇ ಎಂದು ಬೇಗ ಗೊತ್ತಾಗಿಬಿಡುತ್ತಿತ್ತು. ಅಲ್ಲೇ ಅವಳಿಗೆ ವಾಲ್ದೆನೋರ್ ಸಿಕ್ಕಿದ. ದೂರದ ಮರಾನ್ಯಾಂವ್ ರಾಜ್ಯದ ಕಡೆಯಿಂದ ಬಂದವನು, ಅವಳ ಹಾಗೆಯೇ ಮಣ್ಣು ವಿಜ್ಞಾನದವನು, ಎತ್ತರದ ಆಳು, ಮಾತಾಡುವಾಗ ತನ್ನ ಚಪ್ಪಲಿಯನ್ನೇ ನೋಡಿಕೊಂಡು ಮಾತಾಡುತ್ತಿದ್ದ. ಅಲ್ಲೇ ಎನೇಯ್ದಾ ಕೂಡ ಸಿಕ್ಕಿದಳು. ಅವಳು ರಸಾಯನಶಾಸ್ತ್ರದವಳು, ನಾಲಿಗೆಗೆ ಬೇಲಿ ಇಲ್ಲದವಳು. ಮೂವರೂ ಅನ್ನ, ಕಾಳು, ಸೊಪ್ಪಿನ ಪಲ್ಯದ ತಟ್ಟೆ ಹಿಡಿದು ಒಂದೇ ಮೇಜಿಗೆ ಕೂರತೊಡಗಿದರು. ಆಮೇಲೆ ಮೇಜು ಉದ್ದವಾಯಿತು.

ಈ ಸಾಲಿನ ವಿಷಯವಾಗಿ ಜುಸಾರಾ ಒಂದು ದಿನ ಡೀನ್ ಕಚೇರಿಗೆ ಹೋಗಿ ಜಗಳವಾಡಿ ಬಂದಳು. ಜಗಳವಾಡಿದವರಿಗೆ ಇಲ್ಲಿ ಒಂದೇ ಶಿಕ್ಷೆ, ಅವರನ್ನೇ ಯಾವುದಾದರೂ ಸಮಿತಿಗೆ ಮುಖ್ಯಸ್ಥರನ್ನಾಗಿ ಮಾಡುವುದು. ತಿಂಗಳೊಳಗೆ ‘ಪೋಸ್ಟ್‌ಡಾಕ್ ಬೆಂಬಲ ಕೇಂದ್ರ’ ಅಂತ ಒಂದು ಹುಟ್ಟಿತು. ಮುರಿದ ಕುರ್ಚಿಗಳನ್ನು ತುಂಬಿಡುತ್ತಿದ್ದ ಕೋಣೆಯೊಂದನ್ನು ಕೊಟ್ಟರು. ಜಾಲತಾಣದಲ್ಲಿ ಅವಳ ಫೋಟೋ ಹಾಕಿ, ಹೊಸಬರು ಯಾವುದೇ ಸಹಾಯಕ್ಕೆ ಇವರನ್ನು ಕಾಣಬಹುದು ಎಂದು ಬರೆದರು. ಸಂಬಳದ ಮಾತು ಯಾರೂ ಎತ್ತಲಿಲ್ಲ, ಕ್ಯಾಂಟೀನಿನ ಸಾಲೂ ಬದಲಾಗಲಿಲ್ಲ.

ಆದರೂ ಕೋಣೆ ಖಾಲಿ ಉಳಿಯಲಿಲ್ಲ ಎನ್ನಬೇಕು. ಜುಸಾರಾ ಹೊಸಬರಿಗೆ ಬಾಡಿಗೆ ಮನೆ ಹುಡುಕಿಕೊಟ್ಟಳು, ಹೆರಿಗೆಯಾದವಳ ಫೆಲೋಶಿಪ್ಪು ನಿಲ್ಲದ ಹಾಗೆ ಓಡಾಡಿದಳು, ಅಳುವವರಿಗೆ ಕಾಫಿ ಬಗ್ಗಿಸಿಕೊಟ್ಟಳು. ಎಲ್ಲಕ್ಕಿಂತ ಹೆಚ್ಚಾಗಿ ಗುರುವಾರದ ಪಾಠ ಶುರುಮಾಡಿದಳು.

ಗುರುವಾರದ ಪಾಠ ಯಾಕೆ ಬೇಕಾಯಿತೆಂದರೆ, ಇಲ್ಲಿ ಪ್ರೊಫೆಸರ್ ಆಗಬೇಕಾದರೆ ಬರಿಯ ಸಂಶೋಧನೆ ಸಾಲದು. ಪರೀಕ್ಷಕರ ಮಂಡಳಿಯ ಮುಂದೆ ಪಾಠ ಮಾಡಿ ತೋರಿಸಬೇಕು. ಯಾವ ಪಾಠ ಎನ್ನುವುದನ್ನು ಹಿಂದಿನ ದಿನವಷ್ಟೇ ಚೀಟಿ ಎತ್ತಿ ಹೇಳುತ್ತಾರೆ. ಒಂದು ರಾತ್ರಿಯಲ್ಲಿ ತಯಾರಾಗಿ, ನಿಗದಿಯಾದ ಹೊತ್ತಿಗೆ ಶುರುಮಾಡಿ, ನಿಗದಿಯಾದ ಹೊತ್ತಿಗೆ ಮುಗಿಸಬೇಕು. ಒಬ್ಬರ ಪಾಠ ಇನ್ನೊಬ್ಬ ಅಭ್ಯರ್ಥಿಯ ಕಿವಿಗೆ ಬೀಳುವಂತಿಲ್ಲ. ದೊಡ್ಡ ದೊಡ್ಡ ಪ್ರಬಂಧ ಬರೆದವರು ಕೂಡ ಅಲ್ಲಿ ತೊದಲಿ ಮನೆಗೆ ಹೋಗಿದ್ದಾರೆ. ಹಾಗಾಗಿ ಕೋಣೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಬುಧವಾರ ಅದರಿಂದ ಚೀಟಿ ಎತ್ತಿ, ಗುರುವಾರ ಒಬ್ಬರು ಪಾಠ ಮಾಡುವುದು, ಉಳಿದವರು ಮಂಡಳಿಯವರ ಹಾಗೆ ಮುಖ ಗಂಟಿಕ್ಕಿಕೊಂಡು ಕೂರುವುದು ಎಂದಾಯಿತು. ಪಾಠ ಮಾಡುವವರು ಏನೂ ತರಬಾರದು. ಕಾಫಿಯ ಫ್ಲಾಸ್ಕು, ಬಾಯಿಗಿಟ್ಟರೆ ಗಿಣ್ಣು ಎಳೆಯೆಳೆಯಾಗಿ ಬರುವ ಪಾಂವ್ ಜಿ ಕೇಜು ಎಂಬ ಬಿಸಿ ಪುಟ್ಟ ಬನ್ನು, ಇವೆಲ್ಲ ಕೇಳುವವರ ಜವಾಬ್ದಾರಿ.

ವಾಲ್ದೆನೋರ್‌ನ ಮೊದಲ ಪಾಠ ನೋಡುವ ಹಾಗಿರಲಿಲ್ಲ. ಬೋರ್ಡಿನ ಕಡೆ ತಿರುಗಿದವನು ಮುಗಿಯುವ ತನಕ ಬೋರ್ಡಿಗೇ ಪಾಠ ಮಾಡಿದ. "ಬೋರ್ಡಿಗೆ ಅರ್ಥ ಆಯ್ತೇನೋ, ಕೇಳು" ಅಂದಳು ಎನೇಯ್ದಾ. ಆಮೇಲೆ ವಾರವಾರವೂ ಎಲ್ಲರೂ ಸೇರಿ ಅವನನ್ನು ತಿದ್ದಿದರು. ಒಬ್ಬರು ಕೈ ಎಲ್ಲಿಡಬೇಕೆಂದು ಹೇಳಿದರು, ಇನ್ನೊಬ್ಬರು ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕೆಂದು. ಜುಸಾರಾ ತನ್ನ ಬೇರಿನ ಚಿತ್ರವನ್ನು ಅವನಿಗೆ ಕಲಿಸಿದಳು. ಅವನು ತನ್ನ ನೀರಿನ ಲೋಟದ ಉದಾಹರಣೆಯನ್ನು ಅವಳಿಗೆ ಕೊಟ್ಟ. ಎರಡು ವರ್ಷದಲ್ಲಿ ಯಾರ ಚಿತ್ರ ಯಾರದು, ಯಾರ ತಮಾಷೆ ಯಾರದು ಎಂದು ಕೇಳುವವರೇ ಇಲ್ಲದ ಹಾಗಾಯಿತು. ಅಡುಗೆಮನೆಯಲ್ಲಿ ಡಬ್ಬಿಗಳು ಮನೆಯಿಂದ ಮನೆಗೆ ಹೋಗಿ ಬಂದು ಅದಲುಬದಲಾಗುತ್ತವಲ್ಲ, ಹಾಗೆ. ಜುಸಾರಾಗೆ ಅದು ಹೆಮ್ಮೆಯ ವಿಷಯವಾಗಿತ್ತು. ಸಮುದಾಯ ಕಟ್ಟುವುದೆಂದರೆ ಇದೇ ಎಂದು ಕೇಂದ್ರದ ವರದಿಯಲ್ಲೂ ಬರೆದಿದ್ದಳು.

ಅಷ್ಟರಲ್ಲಿ ಮಣ್ಣು ವಿಭಾಗದಲ್ಲಿ ಒಂದು ಹುದ್ದೆಗೆ ಪ್ರಕಟಣೆ ಬಂತು. ಒಂದೇ ಹುದ್ದೆ, ಅದೂ ಎಷ್ಟೋ ವರ್ಷಕ್ಕೆ ಮೊದಲ ಸಲ. ಜುಸಾರಾಳ ಫೆಲೋಶಿಪ್ಪು ಆ ವರ್ಷದ ಕೊನೆಗೆ ಮುಗಿಯುತ್ತಿತ್ತು, ಇನ್ನೊಮ್ಮೆ ಮುಂದುವರಿಸುವುದಿಲ್ಲ ಎಂದು ಹೇಳಿಯೂ ಆಗಿತ್ತು. ಈ ಹುದ್ದೆ ಸಿಗದಿದ್ದರೆ ಅವಳು ಶಿಲೀಂಧ್ರಗಳಿಗೆ ನಮಸ್ಕಾರ ಹೇಳಿ ಊರಿಗೆ ಹೋಗಿ, ತಂಗಿಯ ಅಂಗಡಿಯಲ್ಲಿ ಹುಟ್ಟುಹಬ್ಬದ ಬಲೂನು ಮಾರಬೇಕು. ತಂಗಿ ಪ್ರೀತಿಯಿಂದಲೇ ಕರೆದಿದ್ದಳು. ಅದೇ ಜುಸಾರಾಗೆ ಹೆಚ್ಚು ಭಯ ಹುಟ್ಟಿಸಿದ್ದು.

ವಾಲ್ದೆನೋರ್ ಕೂಡ ಅರ್ಜಿ ಹಾಕಿದ. ಹಾಕುವ ಮೊದಲು ಬಂದು, ಹಾಕಲೋ ಬೇಡವೋ ಎಂದು ಚಪ್ಪಲಿ ನೋಡಿಕೊಂಡು ಕೇಳಿದ. ಬೇಡ ಅನ್ನುವ ಆಸೆ ಜುಸಾರಾಳ ಗಂಟಲ ತನಕ ಬಂದಿತ್ತು. ಆದರೆ ಗೋಡೆಯ ಮೇಲೆ ‘ಬೆಂಬಲ ಕೇಂದ್ರ’ ಎಂಬ ಬೋರ್ಡಿತ್ತು. ಹಾಕು ಅಂದಳು. ಮುಂದಿನ ಗುರುವಾರ ಇನ್ನೂ ದೊಡ್ಡ ಗೊಂದಲ. ಎದುರಾಳಿಗೆ ಪಾಠ ತಿದ್ದಿಕೊಡುವುದೋ, ಬಿಡುವುದೋ? ತಿದ್ದಿದರೆ ತನಗೆ ನಷ್ಟ. ಬಿಟ್ಟರೆ ಎರಡು ವರ್ಷ ಮಾಡಿದ್ದೆಲ್ಲ ನಾಟಕ. ಅವಳು ಒಂದು ಗುರುವಾರ ಮನಸ್ಸಿಟ್ಟು ತಿದ್ದಿದಳು, ಇನ್ನೊಂದು ಗುರುವಾರ ತಲೆನೋವೆಂದು ಬರಲೇ ಇಲ್ಲ. ಎನೇಯ್ದಾ ಇದನ್ನೆಲ್ಲ ಗಮನಿಸಿ, "ನೀನು ಅವನ ಟೀಚರೋ ಸವತಿಯೋ, ಒಂದು ನಿರ್ಧಾರ ಮಾಡು ಕಣೇ" ಎಂದು ಚುಚ್ಚಿದಳು.

ಪರೀಕ್ಷೆಗೆ ಕೊನೆಗೆ ಉಳಿದವರು ಮೂವರು: ಜುಸಾರಾ, ವಾಲ್ದೆನೋರ್, ಮತ್ತೆ ರಾಜಧಾನಿಯಿಂದ ಬಂದ ಲಿಂದೊಮಾರ್ ಎಂಬ ಇಸ್ತ್ರಿ ಮುರಿಯದ ಅಂಗಿಯವನು. ಚೀಟಿಯಲ್ಲಿ ಬಂದ ಪಾಠ ‘ಬೇರು ಮತ್ತು ಶಿಲೀಂಧ್ರಗಳ ಸಹಬಾಳ್ವೆ’. ಮೂವರಿಗೂ ಅದೇ. ಜುಸಾರಾಳ ಎದೆ ಕುಣಿಯಿತು. ಇದು ಅವಳ ಅನ್ನದ ವಿಷಯ. ಸರದಿಯ ಚೀಟಿ ಎತ್ತಿದಾಗ ವಾಲ್ದೆನೋರ್ ಮೊದಲು, ಅವಳು ಎರಡನೆಯವಳು, ಲಿಂದೊಮಾರ್ ಕೊನೆಗೆ ಎಂದಾಯಿತು.

ಮರುದಿನ ತನ್ನ ಸರದಿ ಬಂದಾಗ ಅವಳು ಒಳಗೆ ಹೋಗಿ, ಪಾಠದ ಯೋಜನೆಯ ಪ್ರತಿಗಳನ್ನು ಮಂಡಳಿಯವರ ಕೈಗೆ ಕೊಟ್ಟು, ಎಂದಿನಂತೆ ಅಜ್ಜಿಯಿಂದಲೇ ಶುರುಮಾಡಿದಳು. ತನ್ನ ಅಜ್ಜಿ ಕಾಫಿ ಸಸಿ ನೆಡುವಾಗ ಪ್ರತಿ ಗುಂಡಿಗೂ ಹಳೆಯ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತಂದು ಹಾಕುತ್ತಿದ್ದಳು. ಯಾಕಜ್ಜಿ ಎಂದು ಕೇಳಿದರೆ, ಸಸಿಗೆ ಗುರುತಿನವರು ಬೇಡವೇ ಅನ್ನುತ್ತಿದ್ದಳು. ಆ ಹಿಡಿ ಮಣ್ಣಿನಲ್ಲಿ ಇದ್ದದ್ದೇ ಶಿಲೀಂಧ್ರ.

ಈ ಅಜ್ಜಿ ಬಂದ ಕಡೆ ಕೇಳುವವರ ಮುಖ ಯಾವಾಗಲೂ ಸಡಿಲವಾಗುತ್ತಿತ್ತು. ಅವತ್ತು ಬಿಗಿಯಾಯಿತು. ಎಡಗಡೆಯ ಪರೀಕ್ಷಕರು ಬಲಗಡೆಯವರನ್ನು ನೋಡಿದರು. ನಡುವೆ ಕೂತಿದ್ದ ಅಧ್ಯಕ್ಷೆ ದೊನಾ ಜೊರಾಯ್ಜಿ, ಬೇರೆ ರಾಜ್ಯದಿಂದ ಬಂದ ವಯಸ್ಸಾದ ಪ್ರೊಫೆಸರ್, ಕನ್ನಡಕ ತೆಗೆದು ಒರೆಸತೊಡಗಿದರು. ಜುಸಾರಾಗೆ ಏನಾಯಿತೆಂದು ತಿಳಿಯಲಿಲ್ಲ. ಲಂಗಕ್ಕೆ ಏನಾದರೂ ಮೆತ್ತಿದೆಯೇ? ಮಾತು ತಪ್ಪಿತೇ? ಬೇರಿನ ಚಿತ್ರ ಬರೆಯುವಾಗ ಮತ್ತೊಮ್ಮೆ ಅವರು ಮುಖ ಮುಖ ನೋಡಿಕೊಂಡರು. ನೀರಿನ ಲೋಟಕ್ಕೆ ಬರುವ ಹೊತ್ತಿಗೆ ಒಬ್ಬರು ನಗು ತಡೆಯಲು ಕೆಮ್ಮಿದರು. ಅವಳು ಬೆವರುತ್ತಲೇ ಹೊತ್ತಿಗೆ ಸರಿಯಾಗಿ ಮುಗಿಸಿದಳು.

ಪಾಠದ ನಂತರ ಮಂಡಳಿಯವರು ಪ್ರಶ್ನೆ ಕೇಳಬಹುದು. ಅಧ್ಯಕ್ಷೆ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಅಜ್ಜಿಗೆ ಮರಾನ್ಯಾಂವ್ ಕಡೆ ಒಬ್ಬ ಮೊಮ್ಮಗ ಇದಾನಾ ಅಮ್ಮ?"

ಯಾವ ಮೊಮ್ಮಗ ಎಂದು ಜುಸಾರಾ ಕೇಳಿದಳು.

"ಯಾಕಂದ್ರೆ ಬೆಳಗ್ಗೆ ಒಬ್ಬರು ಇದೇ ಅಜ್ಜಿನ ಕರಕೊಂಡು ಬಂದಿದ್ರು. ಇದೇ ಹಿಡಿ ಮಣ್ಣು, ಇದೇ ಮಾತು. ಪಾಠ ಒಂದೇ ಥರ ಇರಬಹುದು, ಅದಕ್ಕೆ ನಮ್ಮ ತಕರಾರಿಲ್ಲ, ವಿಷಯ ಒಂದೇ ಅಲ್ವಾ. ಆದ್ರೆ ಅಜ್ಜಿ ಒಬ್ಬರದೇ ಇರಬೇಕಲ್ಲ. ಇಬ್ಬರಲ್ಲಿ ಒಬ್ಬರು ನಮಗೆ ಸುಳ್ಳು ಹೇಳಿದಾರೆ."

ಆ ಕ್ಷಣದಲ್ಲಿ ಜುಸಾರಾಳ ಕಣ್ಣ ಮುಂದೆ ಬಂದದ್ದು ಬಲೂನು. ನಿಜವಾಗಿ ಯೋಚಿಸಿ ಹೇಳಿದಳೆಂದಲ್ಲ, ಬಾಯಿ ತಾನಾಗಿ ಹೇಳಿತು. "ಅವಳು ನನ್ನ ಅಜ್ಜಿ ಮೇಡಂ. ವಾಲ್ದೆನೋರ್ ನಮ್ಮ ಗುರುವಾರದ ಅಭ್ಯಾಸದಲ್ಲಿ ನನ್ನಿಂದ ಕೇಳಿದ್ದು."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ವಾಲ್ದೆನೋರ್ ಫ್ಲಾಸ್ಕು ಹಿಡಿದು ಕಾಯುತ್ತಿದ್ದ. ಅವನ ಪಾಠ ಮುಗಿದಿತ್ತು, ಈಗ ಅವನು ಕೇಳುವವರ ಕಡೆಯವನು, ಕಾಫಿ ತರುವುದು ಅವನ ಸರದಿ. ಲೋಟ ಅವಳ ಕೈಗಿಟ್ಟ. ಜುಸಾರಾ ಕುಡಿಯಲಿಲ್ಲ. ನಿನ್ನ ಪಾಠದಲ್ಲಿ ಅಜ್ಜಿ ಬಂದಳೇ ಎಂದು ಕೇಳಿದಳು. ಬಂದಳು ಅಂದ. ನನ್ನದರಲ್ಲೂ ಬಂದಳು, ಅಂದಳು. ಆಮೇಲೆ ಒಳಗೆ ತಾನು ಹೇಳಿದ್ದನ್ನೂ ಹೇಳಿದಳು, ಅದನ್ನು ಮುಚ್ಚಿಡುವಷ್ಟು ಧೈರ್ಯ ಅವಳಿಗಿರಲಿಲ್ಲ.

ವಾಲ್ದೆನೋರ್ ಚಪ್ಪಲಿ ನೋಡಿದ. "ನಿನ್ನ ಅಜ್ಜಿನೇ ಇರಬೇಕು ಬಿಡು" ಎಂದು ಹೇಳಿ, ಫ್ಲಾಸ್ಕನ್ನು ಬೆಂಚಿನ ಮೇಲೆ ಬಿಟ್ಟು ಎದ್ದು ಹೋದ.

‘ಇರಬೇಕು’ ಎಂಬ ಆ ಮಾತು ಜುಸಾರಾಳ ಒಳಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಇರಬೇಕು ಅಂದರೇನು? ಅವಳು ಕಣ್ಣು ಮುಚ್ಚಿ ಅಜ್ಜಿಯನ್ನು ನೆನೆಸಿಕೊಂಡಳು. ಅಜ್ಜಿಯ ಕೈ ಕಂಡಿತು, ಹಿಡಿ ಮಣ್ಣು ಕಂಡಿತು. ಆದರೆ ಆ ಕೈಗೂ ಅಜ್ಜಿಯ ಮುಖಕ್ಕೂ ನಂಟು ಕೂಡಲಿಲ್ಲ. ಮುಖ ಯಾವಾಗಲೂ ಕಿಟಕಿಯ ಪಕ್ಕ ಬಗ್ಗಿಕೊಂಡಿರುತ್ತಿತ್ತು, ಏನನ್ನೋ ಹಲ್ಲಿನಲ್ಲಿ ಕಚ್ಚಿಕೊಂಡು. ಏನದು? ಒಳಗೆ ಲಿಂದೊಮಾರ್‌ನ ಪಾಠ ಶುರುವಾಗಿತ್ತು. ಅದು ಮುಗಿದು ಕಾಫಿ ಕುಡಿದ ಮೇಲೆ ಮಂಡಳಿಯವರು ಬಾಗಿಲು ಹಾಕಿಕೊಂಡು ಅಂಕ ಬರೆದು ಲಕೋಟೆಗೆ ಅಂಟು ಹಾಕುತ್ತಾರೆ. ಅದಾದ ಮೇಲೆ ದೇವರೇ ಬಂದರೂ ಒಂದಂಕೆ ಬದಲಾಗುವುದಿಲ್ಲ. ಅವಳು ಅಮ್ಮನಿಗೆ ಫೋನು ಮಾಡಿದಳು.

ಪರೀಕ್ಷೆ ಹೇಗಾಯಿತು, ತಿಂಡಿ ತಿಂದೆಯಾ ಎಂದು ಅಮ್ಮ ಶುರುಮಾಡಿದ್ದನ್ನು ತಡೆದು, ಅಜ್ಜಿ ಕಾಫಿ ಸಸಿ ನೆಡುವಾಗ ಹಳೆ ಗಿಡದ ಮಣ್ಣು ಹಾಕುತ್ತಿದ್ದಳಲ್ಲವೇ ಎಂದು ಕೇಳಿದಳು.

"ಯಾವ ಅಜ್ಜಿ ಮಗಳೇ?" ಅಂದಳು ಅಮ್ಮ. "ನಮ್ಮಮ್ಮನಾ? ಅವಳು ಹೊಲಿಗೆಯವಳು. ಬಾಯಲ್ಲಿ ಸೂಜಿ ಕಚ್ಕೊಂಡೇ ಇಡೀ ಊರಿಗೆ ಮದುವೆ ಬಟ್ಟೆ ಹೊಲಿದಳು. ಬಟ್ಟೆಗೆ ಕೊಳೆಯಾಗುತ್ತೆ ಅಂತ ಹೂವಿನ ಕುಂಡದ ಮಣ್ಣು ಕೂಡ ಮುಟ್ತಿರಲಿಲ್ಲ. ನೀನೇ ಅಲ್ವಾ ಕ್ರಿಸ್‌ಮಸ್‌ಗೆ ಬಂದಾಗ ಹೇಳಿದ್ದು, ನಿನ್ನ ಸ್ನೇಹಿತರಲ್ಲಿ ಯಾರದೋ ಅಜ್ಜಿ ಹಾಗೆ ಮಾಡ್ತಿದ್ಲಂತೆ ಅಂತ?"

ಜುಸಾರಾ ಗೋಡೆಗೆ ಒರಗಿ ನಿಂತಳು. ತಾನು ಕದ್ದದ್ದಷ್ಟೇ ಅಲ್ಲ, ಒಡೆಯನನ್ನೇ ಕಳ್ಳ ಎಂದು ತೋರಿಸಿ ಬಂದಿದ್ದಳು. ಅದೂ ಕಾಫಿ ಹಿಡಿದು ಕಾಯುತ್ತಿದ್ದವನನ್ನು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು. ಒಳಗೆ ಹೋಗಿ ನಿಜ ಹೇಳಿದರೆ ಹುದ್ದೆ ಹೋಯಿತು. ಹೇಳದಿದ್ದರೆ ಹುದ್ದೆ ಸಿಕ್ಕರೂ ಆ ಕೋಣೆಯಲ್ಲಿ, ಆ ಮೇಜಿನಲ್ಲಿ ಹೇಗೆ ಕೂರುವುದು? ಬಾಗಿಲ ಮುಂದೆ ಹೋದಳು, ಹಿಂದೆ ಬಂದಳು. ಮತ್ತೆ ಹೋದಳು. ಲಿಂದೊಮಾರ್ ಅದೇ ಇಸ್ತ್ರಿಯ ಅಂಗಿಯಲ್ಲಿ ಹೊರಗೆ ಬಂದಾಗ ಅವನಿಗೆ ಡಿಕ್ಕಿ ಹೊಡೆದೇ ಒಳಗೆ ನುಗ್ಗಿದಳು.

ಅಭ್ಯರ್ಥಿಗಳು ಈಗ ಬರುವಂತಿಲ್ಲ ಎಂದು ಒಬ್ಬರು ಹೇಳುತ್ತಿರುವಾಗಲೇ ಅವಳು ನಿಂತ ಕಡೆಯಿಂದಲೇ ಹೇಳಿಬಿಟ್ಟಳು. "ನನ್ನ ಅಜ್ಜಿ ಹೊಲಿಗೆಯವಳು ಮೇಡಂ. ಮಣ್ಣಿನ ಅಜ್ಜಿ ವಾಲ್ದೆನೋರ್‌ನವಳು. ನಾನು ಆಗ ಹೇಳಿದ್ದು ಸುಳ್ಳು. ಬೇಕು ಅಂತ ಹೇಳಿದ ಸುಳ್ಳಲ್ಲ, ನಿಜ ಅಂತಲೇ ಅಂದುಕೊಂಡಿದ್ದೆ. ಆದ್ರೂ ಸುಳ್ಳೇ."

ಮೂವರೂ ಪರೀಕ್ಷಕರು ಅವಳನ್ನು ನೋಡಿದರು. ಈ ಸಲ ಯಾರೂ ಕೆಮ್ಮಲಿಲ್ಲ. ದೊನಾ ಜೊರಾಯ್ಜಿ ಕಾಫಿ ಲೋಟ ಕೆಳಗಿಟ್ಟರು.

"ನೀವು ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆಲ್ಲ ಅವರು ಬಂದಿದ್ರು" ಅಂದರು. "ಆ ಹಿಂದಿನ ಬಾಗಿಲಲ್ಲಿ ಹೀಗೇ ನಿಂತು, ಅಜ್ಜಿ ಜುಸಾರಾಳವಳು, ನಾನು ತಗೊಂಡೆ, ನನ್ನ ಅಜ್ಜಿ ಮೀನು ಮಾರ್ತಿದ್ಲು ಅಂತ ಹೇಳಿ ಹೋದ್ರು. ಈಗ ನೀವು ಹೀಗಂತೀರಿ. ನಾವು ಏನು ಮಾಡಬೇಕು ನೀವೇ ಹೇಳಿ. ಬೆಳಗ್ಗೆ ಒಬ್ಬ ಅಜ್ಜಿಗೆ ಇಬ್ಬರು ಮೊಮ್ಮಕ್ಕಳು ಇದ್ರು. ಈಗ ಒಬ್ಬರೂ ಇಲ್ಲ."

ಜುಸಾರಾ ಬಾಗಿಲ ಹಿಡಿಗೆ ಕೈ ಹಾಕಿದಳು.

"ನಿಮ್ಮ ಪಾಠ ಚೆನ್ನಾಗಿತ್ತಮ್ಮ" ಎಂದು ಆ ಹಿರಿಯಾಕೆ ತುಸು ಮೆತ್ತಗೆ ಮುಂದುವರಿಸಿದರು. "ಆ ಶಿಲೀಂಧ್ರದ ಮೇಲೆ ಹನ್ನೆರಡು ವರ್ಷ ಕೂತು ಕೆಲಸ ಮಾಡಿದೀರಿ. ಅದನ್ನೇ ಹೇಳಿದ್ರೆ ಸಾಕಾಗ್ತಿತ್ತು. ಅಜ್ಜಿ ಯಾಕೆ ಬೇಕಾಗಿತ್ತು ನಿಮಗೆ?"

ಜುಸಾರಾ ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಸಂಜೆ ಎಲ್ಲರ ಎದುರಿಗೆ ಲಕೋಟೆ ಒಡೆದರು. ಒಬ್ಬೊಬ್ಬ ಪರೀಕ್ಷಕರ ಅಂಕವನ್ನೂ ಗಟ್ಟಿಯಾಗಿ ಓದಿದರು. ಲಿಂದೊಮಾರ್ ಇಡೀ ಪಾಠವನ್ನು ಪರದೆಯ ಮೇಲೆ ನೋಡಿಕೊಂಡು ಓದಿದ್ದನಂತೆ. ಒಬ್ಬ ಪರೀಕ್ಷಕರಂತೂ ಅರ್ಧದಲ್ಲಿ ತೂಕಡಿಸಿದ್ದರಂತೆ. ಆದರೆ ಅವನು ಓದಿದ್ದು ಅವನದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹುದ್ದೆ ಅವನಿಗಾಯಿತು. ಜುಸಾರಾ ಮತ್ತು ವಾಲ್ದೆನೋರ್ ಒಬ್ಬರ ಹಿಂದೆ ಒಬ್ಬರು, ಕೂದಲೆಳೆಯ ಅಂತರದಲ್ಲಿ ಸೋತಿದ್ದರು.

ಇಬ್ಬರೂ ಕಟ್ಟಡದ ಮೆಟ್ಟಿಲ ಮೇಲೆ ಕೂತರು. ಯಾರು ಯಾರ ಕ್ಷಮೆ ಕೇಳಬೇಕು ಎನ್ನುವುದೇ ಗೊತ್ತಾಗದೆ ಇಬ್ಬರೂ ಒಟ್ಟಿಗೆ ಕೇಳಿದರು, ಒಟ್ಟಿಗೆ ನಿಲ್ಲಿಸಿದರು. ಅಷ್ಟರಲ್ಲಿ ಎನೇಯ್ದಾ ಪಾಂವ್ ಜಿ ಕೇಜುವಿನ ಪೊಟ್ಟಣ ಹಿಡಿದು ಬಂದಳು. ಗೆದ್ದವರಿಗೆ ಹಬ್ಬ, ಸೋತವರಿಗೆ ಸಮಾಧಾನ, ಎರಡಕ್ಕೂ ಆಗುತ್ತದೆಂದು ತಂದಿದ್ದಳು. ನಡೆದದ್ದನ್ನೆಲ್ಲ ಇಬ್ಬರೂ ಸೇರಿ ಹೇಳಿದರು. ಅವಳಜ್ಜಿ ಹೊಲಿಗೆಯವಳು, ಇವನಜ್ಜಿ ಮೀನಿನವಳು, ಹಾಗಾದರೆ ಮಣ್ಣಿನವಳು ಯಾರು ಎಂದು ಕೇಳಿದರು.

ಎನೇಯ್ದಾ ಬಾಯಲ್ಲಿದ್ದದ್ದನ್ನು ಅಗಿಯುವುದು ಬಿಟ್ಟಳು.

"ಆ ಅಜ್ಜಿನಾ?" ಅಂದಳು. "ಅದು ನಾನು ಕಟ್ಟಿದ್ದು ಕಣ್ರೋ. ಇವನು ಬೋರ್ಡಿಗೆ ಪಾಠ ಮಾಡಿದ ದಿನ. ಹೀಗಲ್ಲ, ಜನರ ಕಡೆ ತಿರುಗಿ ಏನಾದ್ರೂ ಮನೆ ಮಾತಿಂದ ಶುರುಮಾಡು ಅಂತ ತೋರಿಸೋಕೆ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ನೋಡಿದ್ರೆ ಎಲ್ಲರೂ ಅವಳನ್ನೇ ಹಿಡ್ಕೊಂಡ್ರಿ. ನನ್ನ ಅಜ್ಜಿನ ನಾನು ಕಂಡವಳೇ ಅಲ್ಲ. ಎರಡು ವರ್ಷ ಕೇಳಿ ಕೇಳಿ ನನಗೇ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು."

ವಾಲ್ದೆನೋರ್ ಮೊದಲು ನಕ್ಕ. ಚಪ್ಪಲಿ ನೋಡದೆ, ತಲೆ ಎತ್ತಿ ನಕ್ಕ. ಜುಸಾರಾಗೂ ನಗು ಬಂತು, ನಗುತ್ತಿರುವಾಗಲೇ ಅಳು ಬಂತು. ಇಲ್ಲದ ಅಜ್ಜಿಯೊಬ್ಬಳನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಲು ಹೋಗಿ ಇದ್ದ ಒಂದೇ ಹುದ್ದೆಯನ್ನು ಇಬ್ಬರೂ ಕೈಬಿಟ್ಟಿದ್ದರು. ಇದಕ್ಕೆ ದುಃಖಪಡಬೇಕೋ, ತಮ್ಮ ಬಗ್ಗೆ ಹೆಮ್ಮೆಪಡಬೇಕೋ, ಎನೇಯ್ದಾಳ ಕೆನ್ನೆಗೆ ಬಾರಿಸಬೇಕೋ ಅವಳಿಗೆ ತಿಳಿಯಲಿಲ್ಲ. ಪೊಟ್ಟಣದಿಂದ ಒಂದು ತೆಗೆದುಕೊಂಡು ತಿಂದಳು.

ವರ್ಷದ ಕೊನೆಗೆ ಅವಳ ಪೆಟ್ಟಿಗೆಗಳು ಕಟ್ಟಿ ಮುಗಿದಿದ್ದವು. ಬಿಸ್ಕತ್ತಿನ ಡಬ್ಬಿ ವಾಲ್ದೆನೋರ್ ಮನೆಗೆ ಹೋಗಿತ್ತು. ಕೊನೆಯ ದಿನ ಊಟಕ್ಕೆಂದು ಕ್ಯಾಂಟೀನಿಗೆ ಹೋದಾಗ, ಬಾಗಿಲಲ್ಲಿ ಲಿಂದೊಮಾರ್ ಕೈಯಲ್ಲಿ ಹೊಸ ಕಾರ್ಡು ಹಿಡಿದು, ಮೂರು ಸಾಲುಗಳನ್ನೂ ನೋಡುತ್ತ ಪೆಚ್ಚಾಗಿ ನಿಂತಿದ್ದ. ಅವನ ಅಂಗಿ ಮೊದಲ ಸಲ ಮುದುರಿತ್ತು. ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಅವಳೊಡನೆ ಪರೀಕ್ಷೆಗೆ ಕೂತಿದ್ದು ಅವನ ನೆನಪಿನಲ್ಲೇ ಇರಲಿಲ್ಲ.

"ನೀವು ಆ ಜಾಲತಾಣದಲ್ಲಿ ಇರೋವ್ರು ಅಲ್ವಾ?" ಅಂದ. "ಹೊಸಬರಿಗೆ ಸಹಾಯ ಮಾಡೋವ್ರು. ನಾನು ಯಾವ ಸಾಲಲ್ಲಿ ನಿಲ್ಲಬೇಕು ಗೊತ್ತಾಗ್ತಿಲ್ಲ."

ಜುಸಾರಾ ಅವನ ಕಾರ್ಡನ್ನು ನೋಡಿದಳು. ಆಮೇಲೆ ಅವನ ತೋಳು ಹಿಡಿದು ನೌಕರರ ಸಾಲಿನ ಕೊನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಸೊಪ್ಪಿನ ಪಲ್ಯ ಬೇಗ ಖಾಲಿಯಾಗುತ್ತದೆ, ಮೊದಲು ಅದನ್ನು ಹಾಕಿಸಿಕೊಳ್ಳಿ ಎಂದು ಹೇಳಿ, ತಾನು ತನ್ನ ಸಾಲಿಗೆ ಹೋಗಿ ನಿಂತಳು.